ಉಪನಾಮವಿಲ್ಲದ ಪ್ರಯಾಣಿಕರು

ವಿಮಾನಯಾನದ ಸಂಕಷ್ಟಗಳೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಮಂಜು, ಮಳೆ, ಬಿರುಗಾಳಿ, ಯಂತ್ರದೋಷ ಮೊದಲಾದವು. ಇವು ಆಕಾಶಕ್ಕೆ ಸೇರಿದ ತೊಂದರೆಗಳು. ಇವುಗಳ ಮುಂದೆ ಮನುಷ್ಯನು ತಲೆಬಾಗಿದರೆ ಅವಮಾನವೇನೂ ಇಲ್ಲ. ಆದರೆ ಹವೆ ತಿಳಿಯಾಗಿರುವಾಗ, ವಿಮಾನವು ಸಕಾಲಕ್ಕೆ ಬಂದು ನಿಂತಿರುವಾಗ, ನೆಲದ ಮೇಲೆಯೇ ಪ್ರಯಾಣಿಕನ ದಿನವನ್ನು ಕೆಡಿಸಬಲ್ಲ ಅಲ್ಪವಸ್ತುವೊಂದಿದೆ. ಅದೇ ಟಿಕೆಟ್ಟಿನ ಮೇಲಿನ ಹೆಸರು. ಹಣ ಸಂದಿದೆ, ಆಸನ ಕಾದಿದೆ, ಪಾಸ್‌ಪೋರ್ಟು ವೀಸಾಗಳು ಕೈಯಲ್ಲಿವೆ, ಪ್ರಯಾಣಿಕನೂ ಸಶರೀರನಾಗಿ ನಿಂತಿದ್ದಾನೆ. ಆದರೆ ಟಿಕೆಟ್ಟಿನಲ್ಲಿರುವವನು ತಾನೇ ಎಂಬುದನ್ನು ಅವನು ಸಿದ್ಧಪಡಿಸಲಾರ. ಈ ವಿಚಿತ್ರ ಸಂಕಟಕ್ಕೆ ದಕ್ಷಿಣದವರಾದ ನಾವು ಬಲು ಸುಲಭವಾಗಿ ಗುರಿಯಾಗುತ್ತೇವೆ. ಕಾರಣವು ನಮ್ಮ ಹೆಸರಿನ ಕಟ್ಟಿನಲ್ಲಿಯೇ ಇದೆ.

ಟಿಕೆಟ್ಟನ್ನು ಕೊಳ್ಳುವಾಗ ತುಂಬಬೇಕಾದ ನಮೂನೆಯಲ್ಲಿ ಹೆಸರಿಗಾಗಿ ಎರಡು ಚೌಕಗಳಿರುತ್ತವೆ. ಒಂದು ಸ್ವಂತ ಹೆಸರಿಗೆ, ಇನ್ನೊಂದು ಉಪನಾಮಕ್ಕೆ, ಅಂದರೆ ಮನೆತನದ ಹೆಸರಿಗೆ. ಧಾರವಾಡ ಬೆಳಗಾವಿಗಳ ಕಡೆಯವರಿಗೆ ಇದರಿಂದ ಹೆಚ್ಚಿನ ತೊಡಕಿಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ತಮ್ಮ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು. ಚೌಕಗಳು ಇಂಥ ಹೆಸರಿಗಾಗಿಯೇ ಕೊರೆದಂತಿವೆ. ಹಳೆಯ ಮೈಸೂರಿನ ಕಡೆಗೆ ಬಂದರೆ ಕಥೆಯೇ ಬೇರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಅನಂತರ ತಂದೆ, ಕಟ್ಟಕಡೆಗೆ ತಾವು. ಮಾಸ್ತಿ ವೆಂಕಟೇಶ ಅಯ್ಯಂಗಾರ್: ಊರು, ತಾವು, ಸಮುದಾಯ. ಕೋಟ ಶಿವರಾಮ ಕಾರಂತ: ಊರು, ತಾವು, ಮನೆತನ. ಹೆಸರಿಡುವ ಪದ್ಧತಿ ಇಷ್ಟು ಬಗೆಯಾಗಿರುವಾಗ, ಕೊನೆಯ ಪದವನ್ನೇ ಉಪನಾಮವೆಂದು ಹಿಡಿಯುವ ನಮೂನೆಯು ಕುವೆಂಪು ಅವರನ್ನು ಏನು ಮಾಡುತ್ತಿತ್ತು? ‘ಪುಟ್ಟಪ್ಪ’ನನ್ನು ಮನೆತನವೆಂದು ಬರೆದುಕೊಂಡು, ‘ಕುಪ್ಪಳಿ ವೆಂಕಟಪ್ಪ’ ಎಂಬುದನ್ನು ಸ್ವಂತ ಹೆಸರೆಂದು ತಿಳಿಯುತ್ತಿತ್ತು. ಮಗನ ಬದಲು ತಂದೆಯೇ ಊರನ್ನು ಕಟ್ಟಿಕೊಂಡು ವಿಮಾನ ಹತ್ತಿದಂತಾಗುತ್ತಿತ್ತು! ಡಿ.ವಿ.ಜಿ. ಅವರ ‘ಡಿ’ ಎಂದರೆ ದೇವನಹಳ್ಳಿ. 2008ರಿಂದ ಬೆಂಗಳೂರಿನ ವಿಮಾನಗಳು ಏರಿಳಿಯುತ್ತಿರುವುದು ಆ ದೇವನಹಳ್ಳಿಯ ಬಯಲಿನಲ್ಲಿಯೇ. ಊರನ್ನು ಉಪನಾಮದ ಚೌಕದಲ್ಲಿ ತುಂಬಿದ್ದರೆ, ದೇವನಹಳ್ಳಿಯ ನಿಲ್ದಾಣದಲ್ಲಿ ‘ಶ್ರೀ ದೇವನಹಳ್ಳಿಯವರು ಕೂಡಲೆ ಬರಬೇಕು’ ಎಂದು ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು.

ಇಂಗ್ಲಿಷಿನ ಒಂದೆರಡು ಅಕ್ಷರಗಳನ್ನು ಹೆಸರಿನ ಮುಂದಿಟ್ಟು ನಾವು ಈ ತೊಡಕನ್ನು ಬಹುಕಾಲ ನಿವಾರಿಸಿಕೊಂಡಿದ್ದೆವು. ಶಾಲೆಯ ಹಾಜರಿ ಪುಸ್ತಕದಿಂದ ಪಿಂಚಣಿಯ ಕಾಗದದವರೆಗೆ ಆ ಇನಿಷಿಯಲ್ಲುಗಳೇ ನಮ್ಮನ್ನು ನಡೆಸಿಕೊಂಡು ಬಂದವು. ಆದರೆ ಭಾರತದ ಪಾಸ್‌ಪೋರ್ಟಿನ ಅರ್ಜಿಯು ಅವನ್ನು ಒಪ್ಪುವುದಿಲ್ಲ. ಅಕ್ಷರವನ್ನು ಬಿಡಿಸಿ ಬರೆಯಬೇಕು, ಇಲ್ಲವೆ ಕೈಬಿಡಬೇಕು. ಬಿಡಿಸಿ ಬರೆದವರ ಹೆಸರು ರೈಲುಬಂಡಿಯಷ್ಟು ಉದ್ದವಾಯಿತು; ಕೈಬಿಟ್ಟವರು ಒಂದೇ ಪದದವರಾಗಿ ಉಳಿದರು. ಹಳ್ಳಿಯ ಹೆಂಗಸರಲ್ಲಿ ಎಷ್ಟೋ ಮಂದಿ ಈ ಎರಡನೆಯ ವರ್ಗದವರು. ಅವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಬರಿದಾಗಿರುತ್ತದೆ.

ಈ ಎರಡು ಚೌಕಗಳು ಎಲ್ಲಿಂದ ಬಂದುವೆಂಬುದಕ್ಕೆ ಒಂದು ಸ್ವಾರಸ್ಯವಾದ ಪೂರ್ವಕಥೆಯಿದೆ. 1953ರಲ್ಲಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಹೋಗುತ್ತಿದ್ದ ವಿಮಾನವೊಂದರಲ್ಲಿ ಇಬ್ಬರು ಅಕಸ್ಮಾತ್ತಾಗಿ ಅಕ್ಕಪಕ್ಕದಲ್ಲಿ ಕುಳಿತರು. ಒಬ್ಬರು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಅಧ್ಯಕ್ಷರಾದ ಸಿ. ಆರ್. ಸ್ಮಿತ್, ಇನ್ನೊಬ್ಬರು ಐ.ಬಿ.ಎಂ. ಸಂಸ್ಥೆಯ ಮಾರಾಟ ವಿಭಾಗದ ಬ್ಲೇರ್ ಸ್ಮಿತ್. ಇಬ್ಬರಿಗೂ ಉಪನಾಮ ಒಂದೇ ಆದದ್ದರಿಂದ ಮಾತು ಬೆಳೆಯಿತು. ಆಸನಗಳನ್ನು ಯಂತ್ರದಿಂದಲೇ ಕಾದಿರಿಸುವ ಉಪಾಯ ಆ ಮಾತಿನಿಂದ ಮೊಳೆತು, 1960ರ ದಶಕದಲ್ಲಿ ‘ಸೇಬರ್’ ಎಂಬ ಗಣಕವ್ಯವಸ್ಥೆಯಾಗಿ ನಿಂತಿತು. ಇಂದಿಗೂ ವಿಮಾನಸಂಸ್ಥೆಗಳ ಗಣಕಗಳಲ್ಲಿ ಪ್ರಯಾಣಿಕನ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯುವುದೇ ರೂಢಿ: ಮೊದಲು ಉಪನಾಮ, ಒಂದು ಓರೆಗೆರೆ, ಅನಂತರ ಸ್ವಂತ ಹೆಸರು. ಇಬ್ಬರು ಸ್ಮಿತ್‌ರ ಸಂಭಾಷಣೆಯಿಂದ ಹುಟ್ಟಿದ ವ್ಯವಸ್ಥೆಗೆ ಉಪನಾಮವಿಲ್ಲದ ಮನುಷ್ಯನೊಬ್ಬನು ಇರಬಹುದೆಂಬ ಶಂಕೆ ಹೇಗೆ ಬಂದೀತು?

ಲೋಕದಲ್ಲಿ ಅಂಥವರು ವಿರಳರೇನೂ ಅಲ್ಲ. ಇಂಡೋನೇಷ್ಯಾದ ಮೊದಲ ಇಬ್ಬರು ಅಧ್ಯಕ್ಷರಾದ ಸುಕರ್ಣೋ ಮತ್ತು ಸುಹಾರ್ತೋ ಒಂದೇ ಪದದ ಹೆಸರಿನವರು. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬರ್ಮಾದ ಊ ಥಾಂಟ್ ಅವರ ಹೆಸರು ಥಾಂಟ್ ಎಂಬುದಷ್ಟೇ; ‘ಊ’ ಎಂಬುದು ನಮ್ಮ ‘ಶ್ರೀ’ ಇದ್ದಂತೆ. ಜಗತ್ತಿನ ಜಗಳಗಳನ್ನು ಹತ್ತು ವರ್ಷ ಬಿಡಿಸಲು ಶ್ರಮಿಸಿದ ಆ ಹಿರಿಯರು ಇಂದು ಟಿಕೆಟ್ಟಿನ ನಮೂನೆಯ ಮುಂದೆ ಕುಳಿತರೆ, ಎರಡನೆಯ ಚೌಕವು ಕೆಂಪಗೆ ಹೊಳೆದು ‘ಇದು ಕಡ್ಡಾಯ’ ಎಂದು ಗದರಿಸುತ್ತಿತ್ತು.

ಆ ಕೆಂಪು ಚೌಕದ ಪ್ರತಾಪವನ್ನು ಕೆಲವು ವರ್ಷಗಳ ಹಿಂದೆ ನಾನೇ ಕಣ್ಣಾರೆ ಕಂಡೆ. ತಿಪಟೂರಿನ ಕಡೆಯ ನಮ್ಮ ಅಕ್ಕ ಮಗಳ ಬಾಣಂತನಕ್ಕೆಂದು ಸಿಂಗಪುರಕ್ಕೆ ಹೊರಟಿದ್ದರು. ಮೊದಲ ಹೆರಿಗೆ, ದಿನ ತುಂಬಿತ್ತು. ಮೆಂತ್ಯ, ಓಮ, ಒಣಶುಂಠಿ, ಅಂಟಿನುಂಡೆಗಳನ್ನು ಕಟ್ಟಿಕೊಂಡು, ಮೊದಲ ಬಾರಿಗೆ ವಿಮಾನ ಹತ್ತುವವರು. ಅವರ ಪಾಸ್‌ಪೋರ್ಟಿನಲ್ಲಿದ್ದುದು ಒಂದೇ ಹೆಸರು. ಟಿಕೆಟ್ಟನ್ನು ಅಳಿಯಂದಿರು ಅಂತರಜಾಲದ ಮಧ್ಯವರ್ತಿಯೊಬ್ಬರ ಮೂಲಕ ಕೊಂಡಿದ್ದರು. ಉಪನಾಮದ ಚೌಕವನ್ನು ತುಂಬದ ಹೊರತು ನಮೂನೆ ಮುಂದಕ್ಕೆ ಸರಿಯದು. ಆದ್ದರಿಂದ ಅವರು ಅಲ್ಲಿ ಮಾವನವರ ಹೆಸರನ್ನು ಬರೆದರು. ನಮ್ಮಲ್ಲಿ ಗೃಹಿಣಿಗೆ ಎರಡನೆಯ ಹೆಸರು ಬೇಕೆಂದರೆ ಬರೆಯುವುದು ಗಂಡನ ಹೆಸರನ್ನಲ್ಲದೆ ಮತ್ತೇನನ್ನು?

ಬೆಳಗಿನ ಏಳು ಗಂಟೆಗೆ ಅಕ್ಕ ಒಳಗೆ ಹೋದರು. ಬೀಳ್ಕೊಡಲು ಬಂದವರಿಗೆ ಒಳಗೆ ಪ್ರವೇಶವಿಲ್ಲವಷ್ಟೆ. ನಾನು ಗಾಜಿನ ಗೋಡೆಯ ಈಚೆಗೆ ನಿಂತೆ. ಅರ್ಧ ಗಂಟೆಯಲ್ಲಿ ಫೋನು ಬಂದಿತು.

“ತಮ್ಮಾ, ಈ ಮಗು ಏನೋ ಹೇಳುತ್ತಿದೆ, ನೀನೇ ಕೇಳಪ್ಪ.”

ಕೌಂಟರಿನಲ್ಲಿದ್ದ ಹುಡುಗಿ ಸಭ್ಯಳು, ಕನ್ನಡದವಳೇ. “ಸಾರ್, ಪಾಸ್‌ಪೋರ್ಟಿನಲ್ಲಿ ಒಂದು ಹೆಸರಿದೆ, ಟಿಕೆಟ್ಟಿನಲ್ಲಿ ಎರಡಿವೆ. ಎರಡೂ ಹೊಂದುತ್ತಿಲ್ಲ.”

“ಎರಡನೆಯದು ಅವರ ಯಜಮಾನರ ಹೆಸರಮ್ಮ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅದೂ ಅಚ್ಚಾಗಿದೆ, ನೋಡಿ.”

ಅವಳು ಪುಟ ತಿರುಗಿಸಿದ ಸದ್ದು ನನಗೆ ಕೇಳಿಸಿತು. “ಇದೆ ಸಾರ್. ಆದರೆ ಸಿಸ್ಟಮ್ಮಿಗೆ ಈ ಪುಟ ಕಾಣುವುದಿಲ್ಲ.”

ಆಮೇಲಿನದು ಬರಿಯ ಅಲೆದಾಟ. ಸಂಸ್ಥೆಯ ಟಿಕೆಟ್ ಕಿಟಕಿ ಹೊರಗಡೆಯೇ ಇತ್ತು. ಅಲ್ಲಿದ್ದವರು, ಟಿಕೆಟ್ಟನ್ನು ತಾವು ಮಾರಿಲ್ಲವೆಂದೂ ಮಾರಿದ ಮಧ್ಯವರ್ತಿಯೇ ತಿದ್ದಬೇಕೆಂದೂ ಹೇಳಿದರು. ಮಧ್ಯವರ್ತಿಯ ದೂರವಾಣಿಯಲ್ಲಿ ನಲವತ್ತು ನಿಮಿಷ ವಾದ್ಯಸಂಗೀತ ಕೇಳಿದ ಮೇಲೆ ಮನುಷ್ಯನ ದನಿಯೊಂದು ಕೇಳಿಸಿ, ನಮ್ಮ ಕೋರಿಕೆಯನ್ನು ವಿಮಾನಸಂಸ್ಥೆಗೆ ಕಳುಹಿಸಲಾಗುವುದೆಂದೂ ನಲವತ್ತೆಂಟು ಗಂಟೆಗಳಲ್ಲಿ ಉತ್ತರ ಬರುವುದೆಂದೂ ತಿಳಿಸಿತು. ವಿಮಾನಕ್ಕೆ ಉಳಿದಿದ್ದುದು ಒಂದೂವರೆ ಗಂಟೆ. ಒಂಬತ್ತೂವರೆಗೆ ಕೌಂಟರ್ ಮುಚ್ಚಿತು. ಅಕ್ಕ ಒಬ್ಬರೇ ಗಂಟುಮೂಟೆಗಳೊಡನೆ ಹೊರಗೆ ಬಂದರು. ಅವರು ಅಳಲಿಲ್ಲ. “ನನ್ನ ಹೆಸರಿನಲ್ಲಿ ಏನು ತಪ್ಪಿದೆಯೋ?” ಎಂದು ಮಾತ್ರ ಕೇಳಿದರು.

ಎರಡು ಪಟ್ಟು ಬೆಲೆ ತೆತ್ತು ಆ ರಾತ್ರಿಯ ಇನ್ನೊಂದು ವಿಮಾನಕ್ಕೆ ಬೇರೆ ಟಿಕೆಟ್ ಕೊಂಡೆವು. ಈ ಸಲ ಕಿಟಕಿಯವರೇ ನಮೂನೆ ತುಂಬಿದರು. ಎರಡು ಚೌಕಗಳಲ್ಲಿಯೂ ಅಕ್ಕನ ಹೆಸರನ್ನೇ ಬರೆದರು. ಒಂದೇ ಹೆಸರು, ಎರಡು ಬಾರಿ. ಅಂಥ ಜೋಡಿಹೆಸರು ಪಾಸ್‌ಪೋರ್ಟಿನ ಯಾವ ಪುಟದಲ್ಲಿಯೂ ಇಲ್ಲ. ಆದರೂ ಅದು ಆ ಸಂಸ್ಥೆಯ ರೂಢಿಗೆ ಸರಿಹೊಂದಿದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಇದ್ದ ಗಂಡನ ಹೆಸರು ಸಲ್ಲಲಿಲ್ಲ. ಇಲ್ಲದ ಹೆಸರು ಸಂದಿತು. ಮರುದಿನ ಬೆಳಗ್ಗೆ ಅಕ್ಕ ಸಿಂಗಪುರದಲ್ಲಿ ಇಳಿಯುವ ವೇಳೆಗೆ ಮೊಮ್ಮಗಳು ಹುಟ್ಟಿ ಆರು ಗಂಟೆಯಾಗಿತ್ತು. ನೋವಿನ ಹೊತ್ತಿನಲ್ಲಿ ತಾಯಿ ಪಕ್ಕದಲ್ಲಿ ಇರಲೆಂದೇ ಆ ಪ್ರಯಾಣ ಹೂಡಿದ್ದು.

ಇದನ್ನು ಕೇಳಿದವರಿಗೆ ಕೌಂಟರಿನ ಹುಡುಗಿಯ ಮೇಲೆ ಕೋಪ ಬರುವುದು ಸಹಜ. ಆದರೆ ವಿಚಾರ ಮಾಡಿದರೆ ಅವಳ ಕಟ್ಟುನಿಟ್ಟಿಗೂ ಕಾರಣಗಳಿವೆ. ಸರಿಯಾದ ಪತ್ರಗಳಿಲ್ಲದವರನ್ನು ಕರೆತಂದ ವಿಮಾನಸಂಸ್ಥೆಗೆ ಅನೇಕ ದೇಶಗಳು ದಂಡ ವಿಧಿಸುತ್ತವೆ. ಪ್ರಯಾಣಿಕರ ಹೆಸರಿನ ಪಟ್ಟಿಯನ್ನು ಮುಂಚಿತವಾಗಿಯೇ ಕಳುಹಿಸಬೇಕೆಂದು ಹಲವು ಸರಕಾರಗಳು ವಿಧಿಸಿವೆ. 2001ರ ಸೆಪ್ಟೆಂಬರ್ 11ರ ದುರಂತದ ಬಳಿಕ ಈ ಎಚ್ಚರಿಕೆ ಇನ್ನೂ ಬಿಗಿಯಾಯಿತು. ಜೊತೆಗೆ ವ್ಯಾಪಾರದ ಲೆಕ್ಕಾಚಾರವೂ ಉಂಟು. ವಿಮಾನದ ಆಸನಕ್ಕೆ ದಿನಕ್ಕೊಂದು ಬೆಲೆ. ಹೆಸರನ್ನು ಬದಲಿಸಲು ಬಿಟ್ಟರೆ ದಲ್ಲಾಳಿಗಳು ಅಗ್ಗದ ಕಾಲದಲ್ಲಿ ಕೊಂಡು ತುಟ್ಟಿಯ ಕಾಲದಲ್ಲಿ ಮಾರಿಯಾರು. ಇವೆಲ್ಲ ನಿಜ. ಆದರೆ ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರು ಹೋಗದಂತೆ ತಡೆಯುವುದು ಬೇರೆ, ತಮ್ಮ ಟಿಕೆಟ್ಟಿನಲ್ಲಿ ತಾವೇ ಹೋಗದಂತೆ ತಡೆಯುವುದು ಬೇರೆ.

ಇನ್ನೊಂದು ವಿಷಯ ಗಮನಾರ್ಹವಾದುದು. ಪಾಸ್‌ಪೋರ್ಟುಗಳ ರೂಪವನ್ನು ನಿರ್ಣಯಿಸಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಒಂದೇ ಪದದ ಹೆಸರನ್ನು ದೋಷವೆಂದು ಎಣಿಸಿಯೇ ಇಲ್ಲ. ಹೆಸರನ್ನು ಭಾಗ ಮಾಡಲು ಬಾರದಿದ್ದರೆ ಅದನ್ನು ಇಡಿಯಾಗಿ ಮೊದಲ ಭಾಗದಲ್ಲಿಯೇ ಬರೆಯಬೇಕೆಂದು ಅದರ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ದೇಶದೇಶಗಳು ಕೂಡಿ ಒಪ್ಪಿದ ನಿಯಮ ನಮ್ಮ ಅಕ್ಕನಂಥವರನ್ನು ಬಲ್ಲದು. ಟಿಕೆಟ್ ಮಾರುವವನ ನಮೂನೆ ಅರಿಯದು. ಒಂದು ಸಂಸ್ಥೆ ಹೆಸರನ್ನು ಎರಡು ಸಲ ಬರೆಯೆನ್ನುತ್ತದೆ, ಇನ್ನೊಂದು ‘ಉಪನಾಮ ಗೊತ್ತಿಲ್ಲ’ ಎಂಬರ್ಥದ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆಯೆನ್ನುತ್ತದೆ. ಸರಕಾರಗಳೂ ಒಮ್ಮೊಮ್ಮೆ ಇದೇ ದಾರಿ ಹಿಡಿಯುತ್ತವೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಸಂದರ್ಶಕರನ್ನು ಒಳಬಿಡುವುದಿಲ್ಲವೆಂದು ಸಾರಿತು; ಆದರೆ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಬೇಗನೆ ಸಡಿಲಿಸಿತು. ಯಂತ್ರಕ್ಕೆ ಕಾಣದ ಪುಟ ಮನುಷ್ಯರಿಗೆ ಕಾಣುತ್ತದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಸರಕಾರವು 2019ರಲ್ಲಿ ಪ್ರಕಟಿಸಿದ ವಿಮಾನ ಪ್ರಯಾಣಿಕರ ಸನ್ನದಿನಲ್ಲಿ, ಟಿಕೆಟ್ ಕೊಂಡ 24 ಗಂಟೆಗಳೊಳಗೆ ತಿಳಿಸಿದರೆ ಅದೇ ವ್ಯಕ್ತಿಯ ಹೆಸರನ್ನು ಶುಲ್ಕವಿಲ್ಲದೆ ತಿದ್ದಿಕೊಡಬೇಕೆಂಬ ಮಾತಿದೆ. ಒಳ್ಳೆಯ ಮಾತೇ. ಆದ್ದರಿಂದ ಟಿಕೆಟ್ ಬಂದ ದಿನವೇ ಅದನ್ನು ಪಾಸ್‌ಪೋರ್ಟಿನೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು ಮೇಲು. ಛಾಯಾಚಿತ್ರದ ಪುಟದ ಅಡಿಯಲ್ಲಿ ಬಾಣದಂಥ ಚಿಹ್ನೆಗಳೊಡನೆ ಎರಡು ಸಾಲು ಅಚ್ಚಾಗಿರುತ್ತದೆ; ಯಂತ್ರ ಓದುವುದು ಅದನ್ನೇ, ಟಿಕೆಟ್ ಹೊಂದಬೇಕಾದದ್ದೂ ಅದಕ್ಕೇ. ಒಂದೇ ಹೆಸರಿನವರು ಸಂಸ್ಥೆಯ ರೂಢಿಯೇನೆಂದು ಮೊದಲೇ ಬರಹದಲ್ಲಿ ಕೇಳಿ, ಉತ್ತರವನ್ನು ಜೊತೆಗೆ ಒಯ್ಯುವುದು ಕ್ಷೇಮ. ಆದರೆ ಹೆಸರು ಹೊಂದದೆಂಬ ಸಂಗತಿ ಬಹುಮಟ್ಟಿಗೆ ತಿಳಿಯುವುದು ಇಪ್ಪತ್ತನಾಲ್ಕು ಗಂಟೆಗಳೊಳಗಲ್ಲ, ಕೌಂಟರಿನ ಎದುರಿಗೆ. ಅಲ್ಲಿ ಪ್ರಯಾಣಿಕನಿಗೆ ಬೇಕಾದದ್ದು ಸನ್ನದಲ್ಲ. ತೀರ್ಮಾನಿಸಲು ಅಧಿಕಾರವುಳ್ಳ ಒಬ್ಬ ಮನುಷ್ಯ.

ಅದು ಅಸಾಧ್ಯವೆಂದು ಯಾರೂ ಹೇಳಲಾರರು, ಏಕೆಂದರೆ ನಮ್ಮ ರೈಲ್ವೆಯವರು ಅದನ್ನು ಮಾಡಿದ್ದಾರೆ. ಕಾದಿರಿಸಿದ ರೈಲು ಟಿಕೆಟ್ಟನ್ನು ಹೊರಡುವುದಕ್ಕೆ 24 ಗಂಟೆ ಮೊದಲು ಅರ್ಜಿ ಕೊಟ್ಟು ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಗಂಡ, ಹೆಂಡತಿ ಇವರಲ್ಲಿ ಒಬ್ಬರ ಹೆಸರಿಗೆ ವರ್ಗಾಯಿಸಬಹುದು. ನಿಲ್ದಾಣದ ಅಧಿಕಾರಿಯು ಸಂಬಂಧದ ದಾಖಲೆಯನ್ನು ನೋಡಿ ರುಜು ಹಾಕುತ್ತಾನೆ. ಅಲ್ಲಿ ಪ್ರಯಾಣಿಕನೇ ಬದಲಾಗಬಹುದು. ಇಲ್ಲಿ ಪ್ರಯಾಣಿಕಳು ಬದಲಾಗದಿದ್ದರೂ ಹೋಗಲಾಗದು.

ಬಹು ದೊಡ್ಡ ಸುಧಾರಣೆಯನ್ನೇನೂ ನಾವು ಬೇಡುತ್ತಿಲ್ಲ. ಉಪನಾಮವಿಲ್ಲದವರು ಆ ಚೌಕವನ್ನು ಬರಿದಾಗಿ ಬಿಡಲು ನಮೂನೆ ಅವಕಾಶ ಕೊಡಲಿ. ಪಾಸ್‌ಪೋರ್ಟಿನ ಕೊನೆಯ ಪುಟವನ್ನು ಓದಿ ‘ಇವರೇ ಅವರು’ ಎಂದು ಬರೆದು ಕಳುಹಿಸುವ ಅಧಿಕಾರ ಕೌಂಟರಿನಲ್ಲಿ ಕುಳಿತವರಿಗೆ ಇರಲಿ. ಊರಿನ, ತಂದೆಯ ಹೆಸರನ್ನು ಮುಂದಿಟ್ಟು ತನ್ನ ಹೆಸರನ್ನು ಕೊನೆಗಿಡುವುದು ನಮ್ಮ ಹಿರಿಯರು ಕಂಡುಕೊಂಡ ವಿನಯ. ಆ ವಿನಯಕ್ಕೆ ದಂಡ ತೆರಬೇಕಾದ ಕಾಲ ಬಂದಿರುವುದಾದರೆ ತಿದ್ದಬೇಕಾದದ್ದು ಹೆಸರನ್ನಲ್ಲ, ಚೌಕವನ್ನು.