ಫುಲ್ ಕಟ್ಟಿನಲ್ಲಿ ಕೇಳಿದ ಸದ್ದು

ಮೋಟಾರು ವಾಹನವು ವೇಗವಾಗಿ ಧಾವಿಸುತ್ತಿರುವಾಗ ಗಾಳಿಯ ಭೋರ್ಗರೆತದಲ್ಲಿಯೂ ಟೈರುಗಳ ಮೊರೆತದಲ್ಲಿಯೂ ಅಡಗಿಹೋಗುವ ಎಷ್ಟೋ ಸಣ್ಣ ದನಿಗಳು, ಅದೇ ವಾಹನವು ಮನೆಯ ಗೇಟಿನ ಮುಂದೆಯೋ ಹಂಪಿನ ಮೇಲೆಯೋ ಪೇಟೆಬೀದಿಯ ಇಕ್ಕಟ್ಟಿನಲ್ಲಿಯೋ ಮಂದಗತಿಗೆ ಇಳಿದೊಡನೆ ಸ್ಪಷ್ಟವಾಗಿ ಕರ್ಣಗೋಚರವಾಗುತ್ತವೆ. ಕಾರಿಟ್ಟುಕೊಂಡವರೆಲ್ಲರೂ ಬಲ್ಲ ಸಂಗತಿ ಇದು. ಆದರೆ ಆ ದನಿಗಳನ್ನು ಕ್ರಮವರಿತು ಕೇಳಿ, ಒಂದು ಬೋಲ್ಟನ್ನೂ ಬಿಚ್ಚುವ ಮೊದಲೇ ದೋಷದ ಮೂಲವನ್ನು ನಿರ್ಣಯಿಸುವ ವಿದ್ಯೆ ಎಷ್ಟು ಸೂಕ್ಷ್ಮವಾದುದೆಂಬುದು ನನಗೆ ಮನವರಿಕೆಯಾದದ್ದು, ಮಿತ್ರರೊಬ್ಬರ ಹಳೆಯ ಸಣ್ಣ ಕಾರಿನೊಡನೆ ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಣ ಓಣಿಯೊಂದರ ಗ್ಯಾರೇಜಿಗೆ ಹೋದಂದು. ಆ ಬೆರಗು ಇನ್ನೂ ನನ್ನನ್ನು ಬಿಟ್ಟಿಲ್ಲ.

ಕಾರು ತಿರುವುಗಳಲ್ಲಿ ಕಟಕಟನೆ ಸದ್ದು ಮಾಡುತ್ತಿತ್ತು. ಮೊದಲು ಅದನ್ನು ನೋಡಿದ್ದ ಬೇರೊಬ್ಬರು ಶಾಕ್ ಅಬ್ಸಾರ್ಬರು, ಲೋವರ್ ಆರ್ಮು, ಲಿಂಕ್ ರಾಡು ಎಲ್ಲವನ್ನೂ ಬದಲಿಸಬೇಕೆಂದು ಉದ್ದನೆಯ ಪಟ್ಟಿಯನ್ನು ಬರೆದುಕೊಟ್ಟಿದ್ದರು. ಗ್ಯಾರೇಜಿನ ಯಜಮಾನರು, ನರೆತ ತಲೆಯ ಮಿತಭಾಷಿಗಳು, ಆ ಪಟ್ಟಿಯನ್ನು ಮಡಚಿ ಹಿಂದಿರುಗಿಸಿ, "ಮೊದ್ಲು ಕೇಳೋಣ ಸಾರ್, ಆಮೇಲೆ ಬಿಚ್ಚೋಣ" ಎಂದಷ್ಟೇ ನುಡಿದು, ಡಿಕ್ಕಿಯೊಳಗಿನ ಜಾಕನ್ನೂ ಸ್ಪ್ಯಾನರುಗಳನ್ನೂ ಹುಡುಗನಿಂದ ಹೊರಗೆ ತೆಗೆಸಿದರು. ಸಡಿಲವಾಗಿ ಬಿದ್ದಿರುವ ಜಾಕೊಂದು ಹುಟ್ಟಿಸುವ ಭ್ರಾಂತಿಯನ್ನು ನೀಗಿಸಿಕೊಂಡ ಬಳಿಕವೇ ಅವರು ಕಿಟಕಿಗಳನ್ನೆಲ್ಲ ಇಳಿಸಿ ಮಿತ್ರರ ಪಕ್ಕದ ಸೀಟಿನಲ್ಲಿ ಕುಳಿತದ್ದು.

ಅವರ ಪರೀಕ್ಷಾಕ್ರಮದಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ಎಣಿಕೆ. ಆ ಕಾರಿನ 12 ಇಂಚು ರಿಮ್ಮಿನ ಚಕ್ರವು ಟೈರೂ ಸೇರಿ ಸುಮಾರು 1.6 ಮೀಟರಿನ ಸುತ್ತಳತೆಯುಳ್ಳದ್ದು. ಗಂಟೆಗೆ 10 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಎರಡು ಸುತ್ತನ್ನೂ ಪೂರೈಸದು. ನಿಮಿಷಕ್ಕೆ 850 ಸುತ್ತಿನ ಐಡ್ಲಿಂಗಿನಲ್ಲಿರುವ ಎಂಜಿನ್ನಾದರೋ ಅಷ್ಟರಲ್ಲಿಯೇ 14 ಸಲ ತಿರುಗಿರುತ್ತದೆ. ಆದುದರಿಂದ ಬೆರಳಿನಿಂದ ತಾಳ ಹಾಕಬಲ್ಲಷ್ಟು ನಿಧಾನವಾದ ಸದ್ದು ಚಕ್ರದ ಕಡೆಯದು, ಟೈರಿನ ತೋಡಿನಲ್ಲಿ ಸಿಕ್ಕಿಕೊಂಡ ಬರಿಯ ಜಲ್ಲಿಕಲ್ಲಿನದೂ ಆಗಿರಬಹುದು. ಎಣಿಕೆಗೆ ಸಿಕ್ಕದಷ್ಟು ತ್ವರಿತವಾದುದು ಎಂಜಿನ್ನಿನದು. ಯಜಮಾನರು ಈ ಗಣಿತವನ್ನು ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅವರ ತೋರುಬೆರಳು ಆಡುತ್ತಿದ್ದುದನ್ನು ನೋಡಿ ನಾನು ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡದ್ದು.

ಸಮೀಪದ ಬಯಲೊಂದರಲ್ಲಿ, ಸ್ಟೇರಿಂಗನ್ನು ಬಲಕ್ಕೆ ಫುಲ್ ಕಟ್ ಮಾಡಿಸಿ, ಫಸ್ಟ್ ಗೇರಿನಲ್ಲಿ ಆಕ್ಸಲರೇಟರನ್ನು ಹದವಾಗಿ ಒತ್ತಿ ವರ್ತುಲಾಕಾರವಾಗಿ ನಡೆಸಿದಾಗ ಕಟಕಟ ಶಬ್ದ ಎದ್ದಿತು. ಅದೇ ವರ್ತುಲದಲ್ಲಿ ಕ್ಲಚ್ಚನ್ನೊತ್ತಿ ಕಾರನ್ನು ತಾನಾಗಿ ಉರುಳಲು ಬಿಟ್ಟಾಗ ಅಡಗಿತು. ಕಲ್ಲಾಗಿದ್ದರೆ, ಬೇರಿಂಗಾಗಿದ್ದರೆ, ಎಂಜಿನ್ನಿನ ಎಳೆತ ಇರಲಿ ಬಿಡಲಿ, ಅದು ಸದ್ದು ಮಾಡಿಯೇ ತೀರಬೇಕು. "ಎಳೆಯುವಾಗ ಮಾತ್ರ ಕೂಗ್ತದೆ ಸಾರ್. ಎಡಗಡೆ ಆಕ್ಸಲ್ ಜಾಯಿಂಟು." ಹಿಂದಿರುಗಿ ಜಾಕ್ ಏರಿಸಿ ಸ್ಟ್ಯಾಂಡ್ ಕೊಟ್ಟು ನೋಡಿದರೆ ಎಡ ಚಕ್ರದ ಹಿಂದೆ ಜಾಯಿಂಟಿನ ರಬ್ಬರ್ ಬೂಟು ಹರಿದಿತ್ತು; ಅದರೊಳಗಿನ ಕರಿಯ ಗ್ರೀಸು ರಿಮ್ಮಿನ ಒಳಮೈಗೆಲ್ಲ ಸಿಡಿದು ಅಂಟಿತ್ತು.

ಈ ಜಾಯಿಂಟಿನ ವಿಷಯದಲ್ಲಿ ನನಗೆ ವಿಶೇಷವಾದ ಮಮತೆಯುಂಟು. ಇದಕ್ಕಿಂತ ಹಳೆಯದು, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿಯನ್ನೊಯ್ಯುತ್ತಿದ್ದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, 17ನೆಯ ಶತಮಾನದ ರಾಬರ್ಟ್ ಹುಕ್ಕನ ಹೆಸರನ್ನು ಹೊತ್ತ ಪ್ರಾಚೀನ ಸಂಧಿ. ಅದನ್ನು ಬಾಗಿಸಿ ತಿರುಗಿಸಿದರೆ ಪ್ರತಿಯೊಂದು ಸುತ್ತಿನಲ್ಲಿಯೂ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ; ಬಾಗು ಅಲ್ಪವಾದಲ್ಲಿ ಇದು ಸಹ್ಯ, ಆದರೆ ಎಳೆಯುವ ಕೆಲಸದ ಜೊತೆಗೆ ಹೊರಳುವ ಕೆಲಸವನ್ನೂ ಮಾಡಬೇಕಾದ ಮುಂಚಕ್ರಗಳಲ್ಲಿ ಸರ್ವಥಾ ಅಸಹ್ಯ. 1920ರ ದಶಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್‌ಫ್ರೆಡ್ ಝೆಪ್ಪಾ, ಬಾಗಿದ ತೋಡುಗಳಲ್ಲಿ ಆರು ಉಕ್ಕಿನ ಗುಂಡುಗಳನ್ನು ಕೂರಿಸಿ, ಶಾಫ್ಟುಗಳು ಎಷ್ಟೇ ಬಾಗಲಿ ಆ ಗುಂಡುಗಳು ಕೋನದ ಸರಿಮಧ್ಯದ ಸಮತಲದಲ್ಲಿಯೇ ನಿಲ್ಲುವಂತೆ ಏರ್ಪಡಿಸಿದನು. ಹೀಗಾಗಿ ಒಳಬಂದ ವೇಗವೇ ಯಾವ ಏರಿಳಿತವೂ ಇಲ್ಲದೆ ಹೊರಹೋಗುತ್ತದೆ. ಆ ಆರು ಗುಂಡುಗಳ ವಿನ್ಯಾಸವನ್ನು ನಾನು ಎಷ್ಟು ಸಲ ಚಿತ್ರ ಬರೆದು ನೋಡಿದರೂ ಅದರ ಚೆಲುವು ಸವೆಯದು. 1959ರಲ್ಲಿ ಅಲೆಕ್ ಇಸ್ಸಿಗೋನಿಸರ ಮಿನಿ ಕಾರು ಈ ಜಾತಿಯ ಜಾಯಿಂಟನ್ನು ಜನಸಾಮಾನ್ಯರಿಗೆ ತಲಪಿಸಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ನಮ್ಮ ಊರೂರಿಗೂ ತಂದಿತು.

ಇಂಥ ಜಾಯಿಂಟಿನ ಪರಮವೈರಿ ಧೂಳು. ಬೂಟು ಹರಿದದ್ದು ಸದ್ದಿಗೆ ಮುಂಚೆಯೇ ಕಣ್ಣಿಗೆ ಬಿದ್ದರೆ, ತೊಳೆದು ಹೊಸ ಗ್ರೀಸು ತುಂಬಿ ಹೊಸ ಬೂಟು ಹಾಕುವುದರಲ್ಲಿ ಕೆಲಸ ಮುಗಿಯುತ್ತದೆ. ಸದ್ದು ಎದ್ದಿತೆಂದರೆ ಗುಂಡುಗಳು ಓಡಾಡುವ ತೋಡು ಸವೆದು ಹಳ್ಳಬಿದ್ದಿದೆಯೆಂದೇ ಅರ್ಥ, ಮತ್ತೆಷ್ಟು ಗ್ರೀಸು ತುಂಬಿದರೂ ಅದು ತುಂಬಿಬಾರದು. ಯಜಮಾನರು ಆ ಒಂದು ಜಾಯಿಂಟನ್ನು ಮಾತ್ರ ಬದಲಿಸಿದರು. ಅದೇ ಬಯಲಿನಲ್ಲಿ ಎರಡೂ ಕಡೆಗೆ ಫುಲ್ ಕಟ್ ಮಾಡಿ ಸುತ್ತಿಸಿದಾಗ ಕಾರು ನಿಶ್ಶಬ್ದವಾಗಿತ್ತು. ಮೊದಲಿನ ಪಟ್ಟಿಯಲ್ಲಿ ಆ ಜಾಯಿಂಟಿನ ಹೆಸರೇ ಇರಲಿಲ್ಲವೆಂಬುದನ್ನು ನೆನೆದಾಗ, ಕೇಳದೆಯೇ ಸೆಟ್ಟುಸೆಟ್ಟಾಗಿ ಬದಲಿಸುವ ಇಂದಿನ ರೂಢಿಯ ಮೇಲೆ ನನಗಿದ್ದ ಅಪನಂಬಿಕೆ ದೃಢವಾಯಿತು.

ಮಂದಗತಿಯಲ್ಲಿ ಕೇಳುವ ಇತರ ಸದ್ದುಗಳಲ್ಲಿ, ಹಂಪನ್ನು ಇಳಿಯುವಾಗ ಲೊಟಕ್ಕೆನ್ನುವ ಸದ್ದು ಬಹುಮಟ್ಟಿಗೆ ಲಿಂಕ್ ರಾಡಿನದೋ ಬುಷ್ಷಿನದೋ ಆಗಿದ್ದು, ಕಿವಿಗೆ ಕಿರಿಕಿರಿಯೇ ಹೊರತು ಒಡನೆಯೇ ಅಪಾಯಕಾರಿಯಲ್ಲ. ಆದರೆ ಬಾಲ್ ಜಾಯಿಂಟು ಸಡಿಲವಾಗಿಲ್ಲವೆಂದು ನೋಡಿಸದೆ ಹಾಗೆ ನಿಶ್ಚಿಂತರಾಗಿರುವುದು ತರವಲ್ಲ, ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಮಳೆಯ ರಾತ್ರಿ ಕಳೆದ ಬೆಳಿಗ್ಗೆ ಬ್ರೇಕು ಕಿರುಗುಟ್ಟುವುದು ಡಿಸ್ಕಿನ ಮೇಲಿನ ತೆಳು ತುಕ್ಕಿನಿಂದ; ನಾಲ್ಕಾರು ಸಲ ಬ್ರೇಕು ಒತ್ತುವಷ್ಟರಲ್ಲಿ ತಾನೇ ಅಳಿಯುತ್ತದೆ. ಹಾಗೆ ಅಳಿಯದೆ, ದಿನವೆಲ್ಲ ಚಕ್ರದೊಡನೆ ಸಣ್ಣಗೆ ಕೀರಲಿಡುತ್ತಿದ್ದರೆ ಪ್ಯಾಡು ಸವೆದು ಅದರ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗುತ್ತಿರುವ ಸಂಭವವೇ ಹೆಚ್ಚು. ಅಂಥಲ್ಲಿ ತಡಮಾಡದೆ ಚಕ್ರ ಬಿಚ್ಚಿಸಿ ಪ್ಯಾಡಿನ ದಪ್ಪವನ್ನು ನೋಡಿಸತಕ್ಕದ್ದು.