ಮಳೆಗಾಲದ ಜೀಪು: ಮುಂದಿನ ಚಕ್ರದ ಹಬ್ ಮತ್ತು ಅದರ ಬಳಕೆ

ಮಲೆನಾಡು ಹಾಗೂ ಕೊಡಗಿನ ಗ್ರಾಮಗಳಲ್ಲಿ ಮಳೆ ಹಿಡಿದೊಡನೆ ಡಾಂಬರು ಕಾಣದ ರಸ್ತೆಗಳು ಕೆಸರಾಗುತ್ತವೆ. ರೋಗಿಗಳನ್ನು ಹಾಗೂ ಗರ್ಭಿಣಿಯರನ್ನು ಆಸ್ಪತ್ರೆಗೆ ತಲುಪಿಸಲು ಇಂತಹ ಕಡೆ ಫೋರ್ ವೀಲ್ ಡ್ರೈವ್ ಜೀಪು ಅಥವಾ ಪಿಕಪ್ ವಾಹನವೇ ಆಧಾರ. ಆದರೆ ಅಂತಹ ವಾಹನವೂ ಏರಿನಲ್ಲಿ ಹೂತು ನಿಲ್ಲುವುದುಂಟು. ಮುಂದಿನ ಚಕ್ರದ ಹಬ್ ಲಾಕ್ ಆಗದಿರುವುದು ಅದಕ್ಕೆ ಒಂದು ಕಾರಣ.

ರಚನೆ: ಎಂಜಿನ್ನಿನ ಶಕ್ತಿಯು ಗೇರ್ ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೂ ಮತ್ತೊಂದು ಮುಂದಕ್ಕೂ ಹೋಗುತ್ತದೆ. ಮುಂದಿನ ಆಕ್ಸಲ್ ಶಾಫ್ಟನ್ನು ಚಕ್ರದೊಡನೆ ಜೋಡಿಸುವ ಅಥವಾ ಬಿಡಿಸುವ ಕೊಂಡಿಯೇ ಲಾಕಿಂಗ್ ಹಬ್. ಹಬ್ 'ಫ್ರೀ' ಇದ್ದಾಗ ಚಕ್ರ ಮಾತ್ರ ತಿರುಗುತ್ತದೆ. ಮುಂದಿನ ಶಾಫ್ಟುಗಳು ವಿಶ್ರಮಿಸುತ್ತವೆ. ಇದರಿಂದ ಸವೆತ, ಶಬ್ದ ಹಾಗೂ ಇಂಧನದ ವ್ಯಯ ತಗ್ಗುತ್ತವೆ. ಅಮೆರಿಕದ ಆರ್ಥರ್ ವಾರ್ನ್ ಎಂಬುವರು ಎರಡನೆಯ ಮಹಾಯುದ್ಧದ ನಂತರ ಸೇನೆಯಿಂದ ಉಳಿದ ಜೀಪುಗಳಿಗಾಗಿ 1948ರಲ್ಲಿ ಇಂತಹ ಹಬ್‌ಗಳನ್ನು ತಯಾರಿಸಲು ಆರಂಭಿಸಿದರು.

ಬಳಕೆಯ ಕ್ರಮ: ಕೈಯಿಂದ ತಿರುಗಿಸುವ ಹಬ್‌ಗಳಿದ್ದಲ್ಲಿ, ಕೆಸರಿಗೆ ಇಳಿಯುವ ಮೊದಲೇ ವಾಹನ ನಿಲ್ಲಿಸಿ ಎರಡೂ ಬದಿಯ ಹಬ್‌ಗಳನ್ನು 'ಲಾಕ್' ಗುರುತಿಗೆ ತರಬೇಕು. ಒಂದು ಬದಿ ಲಾಕ್ ಆಗಿ ಮತ್ತೊಂದು ಫ್ರೀ ಉಳಿದರೆ, ಸಾಮಾನ್ಯ ಡಿಫರೆನ್ಷಿಯಲ್ ಶಕ್ತಿಯನ್ನು ತಡೆಯಿಲ್ಲದ ಬದಿಗೆ ಹರಿಸುತ್ತದೆ. ಆ ಬದಿಯ ಶಾಫ್ಟ್ ಸುಮ್ಮನೆ ತಿರುಗಿ, ಮುಂದಿನ ಚಕ್ರಗಳೆರಡೂ ಎಳೆಯದೆ ಹೋಗುತ್ತವೆ. ಹಬ್ ಬಿಗಿಯಾಗಿದ್ದರೆ ಇಕ್ಕಳದಿಂದ ಬಲವಂತ ಮಾಡದೆ, ವಾಹನವನ್ನು ಸ್ವಲ್ಪ ಸರಿಸಿ ಮತ್ತೆ ತಿರುಗಿಸಬೇಕು.

ಒಣ ಡಾಂಬರಿನ ಮೇಲೆ ಎಚ್ಚರಿಕೆ: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಇಂತಹ ಬಹುಪಾಲು ವಾಹನಗಳಲ್ಲಿ ಈ ವ್ಯತ್ಯಾಸವನ್ನು ಸರಿದೂಗಿಸುವ ಮಧ್ಯದ ಡಿಫರೆನ್ಷಿಯಲ್ ಇರುವುದಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ರಸ್ತೆಯಲ್ಲಿ ಶಾಫ್ಟುಗಳು ಹುರಿಗೊಂಡು ಸ್ಟೇರಿಂಗ್ ಬಿಗಿಯಾಗುತ್ತದೆ, ಬಿಡಿಭಾಗಗಳು ಮುರಿಯಲೂಬಹುದು. ಆದುದರಿಂದ ಗಟ್ಟಿ ರಸ್ತೆ ಸೇರಿದೊಡನೆ ಟೂ ವೀಲ್ ಡ್ರೈವಿಗೆ ಮರಳಬೇಕು.

ಇಳಿಜಾರಿನಲ್ಲಿ: ಜಾರುವ ಕಡಿದಾದ ಇಳಿಜಾರಿನಲ್ಲಿ ಹಬ್ ಲಾಕ್ ಮಾಡಿ ಲೋ ಗೇರಿನಲ್ಲಿ ಇಳಿದರೆ ಎಂಜಿನ್ನಿನ ತಡೆ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ. ಆದರೆ ಫೋರ್ ವೀಲ್ ಡ್ರೈವ್ ಇದೆಯೆಂದ ಮಾತ್ರಕ್ಕೆ ಬ್ರೇಕಿನ ಹಿಡಿತ ಹೆಚ್ಚುವುದಿಲ್ಲ ಎಂಬುದನ್ನು ಚಾಲಕರು ಮರೆಯಬಾರದು.

ಮಳೆಗಾಲಕ್ಕೆ ಮುನ್ನ ಪರೀಕ್ಷೆ: ಪಂಚಾಯಿತಿಯು ತುರ್ತು ಸೇವೆಗೆ ಗೊತ್ತುಪಡಿಸುವ ವಾಹನವನ್ನು ಸದಸ್ಯರು ಮೆಕ್ಯಾನಿಕ್ ಮೂಲಕ ಪರೀಕ್ಷಿಸಿಕೊಳ್ಳುವುದು ಸೂಕ್ತ. ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ವಾಹನವನ್ನು ಟೂ ವೀಲ್ ಡ್ರೈವಿನಲ್ಲಿಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿ ಕೈಯಿಂದ ತಿರುಗಿಸಬೇಕು. ಎರಡೂ ಹಬ್ ಲಾಕ್ ಇದ್ದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಜೊತೆಯಲ್ಲಿ ತಿರುಗಬೇಕು. ಎರಡೂ ಫ್ರೀ ಇದ್ದಾಗ ನಿಶ್ಚಲವಾಗಿರಬೇಕು. ತಿರುಗದಿದ್ದಲ್ಲಿ ಹಬ್ ಕೆಟ್ಟಿರುವ ಸಂಭವವಿದೆ. ಹಳ್ಳ ದಾಟಿದ ವಾಹನದ ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿದು ಕೂಡಲೇ ಬದಲಿಸಬೇಕು.

ಬೇಸಿಗೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಮುಂದೂಡಿದರೆ, ಹಬ್ ಕೆಟ್ಟಿರುವುದು ಮಳೆಯ ರಾತ್ರಿ ರೋಗಿಯನ್ನು ಕರೆದೊಯ್ಯುವ ದಾರಿಯಲ್ಲಿಯೇ ತಿಳಿಯಬೇಕಾದೀತು.