ಹೃದ್ರೋಗದ ಒಂದು ಪಾಠಾಂತರ

ಹೃದಯದ ಸ್ನಾಯು ಅಕಾರಣವಾಗಿ ದಪ್ಪಗಟ್ಟಿ, ಅಥವಾ ಹಿಗ್ಗಿ ಸಡಿಲಗೊಂಡು, ರಕ್ತವನ್ನು ನೂಕುವ ಶಕ್ತಿಯನ್ನು ಕಳೆದುಕೊಳ್ಳುವ ರೋಗಕ್ಕೆ ಕಾರ್ಡಿಯೋಮಯೋಪತಿ ಎಂದು ಹೆಸರು. ತೋರಿಕೆಗೆ ದೃಢಕಾಯರಾದ ತರುಣರು ಒಮ್ಮೆಗೇ ಕುಸಿದು ಮಡಿಯುವುದಕ್ಕೆ ಇದೂ ಒಂದು ಕಾರಣ. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದುಂಟು.

2009ರಲ್ಲಿ ದಂಡಪಾಣಿ, ತಂಗರಾಜ್ ಮೊದಲಾದ ವಿಜ್ಞಾನಿಗಳು ಈ ರೋಗವನ್ನು ಕುರಿತು ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. 800 ಮಂದಿ ರೋಗಿಗಳನ್ನೂ 699 ಮಂದಿ ನಿರೋಗಿಗಳನ್ನೂ ಹೋಲಿಸಿದ ಅಧ್ಯಯನವದು. ಹನ್ನೊಂದನೆಯ ವರ್ಣತಂತುವಿನಲ್ಲಿ, ಹೃದಯಸ್ನಾಯುವಿನ ಒಂದು ಪ್ರೋಟೀನನ್ನು ನಿರ್ಮಿಸುವ ಎಂವೈಬಿಪಿಸಿ3 ಎಂಬ ಜೀನು ಇದೆ. ಅದರ ಒಂದೆಡೆ 25 ಅಕ್ಷರಗಳು ಲೋಪವಾಗಿರುವುದು ರೋಗಿಗಳಲ್ಲಿ ಹೆಚ್ಚಾಗಿ ಕಂಡುಬಂದಿತು. ಲೋಪಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಅಳೆಯುವ ಸಾಧ್ಯತಾನುಪಾತ ಸುಮಾರು 7 ಎಂದು ಗಣಿಸಲಾಯಿತು. ಭಾರತ ಉಪಖಂಡದ ಮೂಲದವರಲ್ಲಿ ನೂರಕ್ಕೆ ಸುಮಾರು ನಾಲ್ವರು ಈ ಲೋಪವನ್ನು ಹೊತ್ತವರು. ಎಂದರೆ ಕೋಟಿಗಟ್ಟಲೆ ಜನ. ಇವರೆಲ್ಲರ ಹೃದಯದಲ್ಲಿಯೂ ಅಪಾಯ ಅಡಗಿದೆಯೇ? ನಮ್ಮಲ್ಲಿ ಇಂಥ ಮಾತು ಆಸ್ಪತ್ರೆಯ ಬಾಗಿಲು ದಾಟಿ ಮದುವೆಯ ಮಾತುಕತೆಯವರೆಗೆ ಹೋಗಲು ಬಹಳ ಕಾಲ ಬೇಕಾಗದು.

ಉತ್ತರವನ್ನು ತಿಳಿಯಬೇಕಾದರೆ ಜೀನುಗಳ ವಾಚನಕ್ರಮವನ್ನು ಸ್ವಲ್ಪ ನೋಡಬೇಕು. ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥ. ಮಾನವನಲ್ಲಿ ಅದರ ಒಂದು ಪ್ರತಿ ಸುಮಾರು 300 ಕೋಟಿ ಅಕ್ಷರಗಳಷ್ಟು ದೀರ್ಘ. ಹೆಚ್ಚು ಬಳಕೆಯಲ್ಲಿರುವ ವಾಚನಯಂತ್ರಗಳು ಇದನ್ನು ಮೊದಲಿನಿಂದ ಕೊನೆಯವರೆಗೆ ಓದಲಾರವು. ನೂರೈವತ್ತು ಅಕ್ಷರಗಳಷ್ಟು ಉದ್ದದ ತುಣುಕುಗಳನ್ನು ಕೋಟಿಗಟ್ಟಲೆ ಓದಿ ರಾಶಿಹಾಕುತ್ತವೆ. ಪ್ರತಿ ತುಣುಕನ್ನೂ ಆಧಾರಪ್ರತಿಯಲ್ಲಿ ಅದರ ಸ್ಥಾನಕ್ಕೆ ಹೊಂದಿಸಿ, ವ್ಯತ್ಯಾಸಗಳನ್ನು ಗುರುತಿಸುವುದು ಗಣಕಯಂತ್ರದ ಕೆಲಸ. ಹೀಗೆ ನೋಡಿದರೆ ಯಾವ ಮನುಷ್ಯನಲ್ಲಿಯೂ ನಲವತ್ತರಿಂದ ಐವತ್ತು ಲಕ್ಷ ವ್ಯತ್ಯಾಸಗಳು ದೊರೆಯುತ್ತವೆ. ಬಹುಪಾಲು ನಿರುಪದ್ರವಿಗಳು. ಓದುವುದು ಈಗ ಸುಲಭವಾಗಿದೆ. ಓದಿದ್ದಕ್ಕೆ ಅರ್ಥ ಹೇಳುವುದೇ ಕಷ್ಟ.

ಇನ್ನೊಂದು ತೊಡಕೂ ಉಂಟು. ಪ್ರೋಟೀನಿನ ರಚನೆಯನ್ನು ಹೇಳುವ ಎಕ್ಸಾನುಗಳ ನಡುನಡುವೆ ಇಂಟ್ರಾನು ಎಂಬ ಭಾಗಗಳು ಬರುತ್ತವೆ. ಜೀವಕೋಶವು ಜೀನನ್ನು ನಕಲು ಮಾಡಿದ ಮೇಲೆ ಇಂಟ್ರಾನುಗಳನ್ನು ಕತ್ತರಿಸಿ, ಎಕ್ಸಾನುಗಳನ್ನು ಬೆಸೆಯುತ್ತದೆ. 25 ಅಕ್ಷರಗಳ ಲೋಪವಿರುವುದು 32ನೆಯ ಇಂಟ್ರಾನಿನಲ್ಲಿ. ಅದರಿಂದಾಗಿ ಮುಂದಿನ ಎಕ್ಸಾನು ಬಿಟ್ಟುಹೋಗಬಹುದೆಂದು ಪ್ರಯೋಗಗಳು ತೋರಿಸಿದ್ದವು. ಆದಕಾರಣ ಲೋಪದ ಮೇಲಿನ ಸಂಶಯ ಸಹಜವಾಗಿಯೇ ಬಲಗೊಂಡಿತು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಮುಂದಿನ ಸಂಗತಿ ಹೊಸದೆನಿಸದು. ಹಿಂದೊಬ್ಬ ಲಿಪಿಕಾರ ಓಲೆಗರಿಯ ಪ್ರತಿಯಲ್ಲಿ ಒಂದು ಸಾಲನ್ನು ಬಿಟ್ಟನೆನ್ನೋಣ. ಅರ್ಥಕ್ಕೆ ಅಷ್ಟೇನೂ ಹಾನಿಯಿಲ್ಲ. ಆ ಪ್ರತಿಯಿಂದ ನೂರಾರು ಪ್ರತಿಗಳು ಹುಟ್ಟಿದವು. ಬಹುಕಾಲದ ಮೇಲೆ ಅವುಗಳಲ್ಲೊಂದನ್ನು ನಕಲು ಮಾಡಿದವನು ಬೇರೊಂದು ಪುಟದಲ್ಲಿ ಅರ್ಥವನ್ನೇ ಕೆಡಿಸುವ ತಪ್ಪುಮಾಡಿದ. ಅವನ ಶಾಖೆಯ ಪ್ರತಿಗಳಲ್ಲೆಲ್ಲ ಎರಡು ದೋಷಗಳೂ ಜೊತೆಗಿರುತ್ತವೆ. ಕೆಟ್ಟ ಪ್ರತಿಗಳನ್ನು ಮಾತ್ರ ಒಟ್ಟುಮಾಡಿ ನೋಡುವವನಿಗೆ, ಎದ್ದುಕಾಣುವ ಮೊದಲನೆಯ ಲೋಪವೇ ಅಪರಾಧಿಯಾಗಿ ತೋರುತ್ತದೆ.

ನಡೆದುದೂ ಇದೇ. 2020ರಲ್ಲಿ ಆಕ್ಸ್‌ಫರ್ಡಿನ ಹಾರ್ಪರ್, ವಾಟ್ಕಿನ್ಸ್ ಮೊದಲಾದವರು ದಕ್ಷಿಣ ಏಷ್ಯಾ ಮೂಲದ ರೋಗಿಗಳಲ್ಲಿ ಈ ಜೀನನ್ನು ಮತ್ತೆ ಪರಿಶೀಲಿಸಿದರು. ಲೋಪವುಳ್ಳ ರೋಗಿಗಳಲ್ಲಿ ಕೆಲವರಿಗೆ ಅದೇ ಜೀನಿನ 13ನೆಯ ಇಂಟ್ರಾನಿನಲ್ಲಿ, ಎಕ್ಸಾನಿನ ಅಂಚಿಗೆ 52 ಅಕ್ಷರಗಳಷ್ಟು ಹಿಂದೆ, ‘ಜಿ’ ಇರಬೇಕಾದಲ್ಲಿ ‘ಎ’ ಇತ್ತು. ಈ ಒಂದಕ್ಷರದ ಬದಲಾವಣೆ ಬೆಸುಗೆಯ ಸುಳ್ಳು ಗುರುತನ್ನು ನಿರ್ಮಿಸಿ ಪ್ರೋಟೀನಿನ ಪಾಠವನ್ನು ಕೆಡಿಸುತ್ತದೆ. ಈ ಬದಲಾವಣೆಯುಳ್ಳವರನ್ನು ಬೇರ್ಪಡಿಸಿ ಲೆಕ್ಕಹಾಕಿದಾಗ, ಬರಿಯ 25 ಅಕ್ಷರಗಳ ಲೋಪದಿಂದ ಸ್ನಾಯು ದಪ್ಪಗಟ್ಟುವ ರೋಗದ ಅಪಾಯ ಹೆಚ್ಚಿದುದು ಕಾಣಲಿಲ್ಲ. ಈ ತೀರ್ಪು ಆ ಒಂದು ಬಗೆಯ ರೋಗಕ್ಕೆ ಸಂಬಂಧಿಸಿದ್ದು; ಹಿಗ್ಗುವ ಬಗೆಗೆ ಇದನ್ನೇ ಅನ್ವಯಿಸುವುದು ತರವಲ್ಲ.

ಮೊದಲಿನ ಸಂಶೋಧಕರ ಎಣಿಕೆ ತಪ್ಪಾಗಿತ್ತೆಂದು ಯಾರೂ ಭಾವಿಸಬಾರದು. ಲೋಪ ರೋಗಿಗಳಲ್ಲಿ ಹೆಚ್ಚಾಗಿದ್ದುದು ನಿಜವೇ. ಎಣಿಕೆ ಸಾಹಚರ್ಯವನ್ನು ಹೇಳಿತು, ಕಾರಣವನ್ನಲ್ಲ. ಮೇಲಾಗಿ, ಎಕ್ಸಾನುಗಳನ್ನೂ ಅವುಗಳ ಅಂಚನ್ನೂ ಮಾತ್ರ ಓದುವ ವಾಡಿಕೆಯ ಪರೀಕ್ಷೆಗೆ 52 ಅಕ್ಷರಗಳ ಆಚೆಯ ದೋಷ ತಪ್ಪಿಹೋಗುವುದು ಸುಲಭ.

ಯಾವ ವ್ಯತ್ಯಾಸ ನಮ್ಮ ಜನರಲ್ಲಿ ಸಾಮಾನ್ಯ, ಯಾವುದು ವಿರಳ ಎಂಬುದನ್ನು ಯುರೋಪಿನವರ ಪ್ರತಿಗಳಿಂದ ತಿಳಿಯಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯು ದೇಶದ ನಾನಾ ಸಮುದಾಯಗಳಿಂದ ಸುಮಾರು 10,000 ಮಂದಿಯ ಸಂಪೂರ್ಣ ಪಾಠಗಳನ್ನು ಓದಿಸಿತು. 2025ರ ಜನವರಿಯಲ್ಲಿ ಆ ಸಾಮಗ್ರಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಇನ್ನು ಮುಂದೆ ರೋಗಿಯೊಬ್ಬನಲ್ಲಿ 25 ಅಕ್ಷರಗಳ ಲೋಪ ಕಂಡರೆ, ವರದಿಯನ್ನು ಬರೆಯುವ ಮುನ್ನ 13ನೆಯ ಇಂಟ್ರಾನಿನ ಆ ಒಂದು ಅಕ್ಷರವನ್ನು ನೋಡತಕ್ಕದ್ದು.